ಕಬ್ಬಿಣ ಎಷ್ಟಿದೆ, ಎಲ್ಲಿದೆ: ಸ್ತನ ಕ್ಯಾನ್ಸರ್ ಮತ್ತು ರಕ್ತದ ಕಬ್ಬಿಣಾಂಶ

ಸ್ತನ ಕ್ಯಾನ್ಸರ್ ಇರುವವರು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬಹುದೇ ಎಂಬ ಮಾತು ಬಂದಾಗಲೆಲ್ಲ ಎರಡು ಸಲಹೆಗಳು ಒಟ್ಟಿಗೇ ಕೇಳಿಬರುತ್ತವೆ. ರಕ್ತ ಕಡಿಮೆಯಾಗಿದೆ, ಕಬ್ಬಿಣಾಂಶ ಹೆಚ್ಚಿಸಿಕೊಳ್ಳಬೇಕು ಎನ್ನುವುದು ಒಂದು. ಕಬ್ಬಿಣವೆಂದರೆ ಗಡ್ಡೆಗೆ ಆಹಾರ, ಹತ್ತಿರ ಸೇರಿಸಬಾರದು ಎನ್ನುವುದು ಇನ್ನೊಂದು. ಎರಡರ ಹಿಂದೆಯೂ ವಿಜ್ಞಾನದ ಒಂದಿಷ್ಟು ಆಧಾರವಿರುವುದರಿಂದ ಯಾವುದನ್ನೂ ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ನಾನು ವೈದ್ಯಳಲ್ಲ, ಚಿಕ್ಕಮ್ಮನ ಚಿಕಿತ್ಸೆಯ ಕಾಲದಲ್ಲಿ ರಕ್ತಪರೀಕ್ಷೆಯ ವರದಿಗಳನ್ನು ಓದಲೇಬೇಕಾಗಿ ಬಂದು, ಆಮೇಲೂ ಆ ಓದನ್ನು ಬಿಡದವಳು. ಓದುತ್ತ ಹೋದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಇಷ್ಟು: ರಕ್ತದಲ್ಲಿ ಕಬ್ಬಿಣ ಹೆಚ್ಚೋ ಕಡಿಮೆಯೋ ಎಂದಷ್ಟೇ ನೋಡಿ ಸ್ತನ ಕ್ಯಾನ್ಸರಿನ ಬಗ್ಗೆ ತೀರ್ಮಾನಕ್ಕೆ ಬರಲಾಗದು, ಆ ಕಬ್ಬಿಣ ದೇಹದಲ್ಲಿ ಎಲ್ಲಿ ಕೂತಿದೆ, ಅಲ್ಲಿಂದ ಹೊರಬರಲು ಅದಕ್ಕೆ ದಾರಿಯಿದೆಯೇ ಎಂದು ಕೇಳಿದಾಗ ಮಾತ್ರ ವಿಷಯ ಬಿಡಿಸಿಕೊಳ್ಳತೊಡಗುತ್ತದೆ.

ದೇಹದ ಕಬ್ಬಿಣದ ಲೆಕ್ಕಾಚಾರ ಬಹಳ ಬಿಗಿಯಾದದ್ದು. ವಯಸ್ಕರ ದೇಹದಲ್ಲಿ ಒಟ್ಟು ಇರುವುದು ಮೂರರಿಂದ ನಾಲ್ಕು ಗ್ರಾಂ ಕಬ್ಬಿಣ. ಅದರಲ್ಲಿ ಮೂರನೇ ಎರಡು ಭಾಗದಷ್ಟು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಹೊಸ ರಕ್ತಕಣಗಳನ್ನು ಕಟ್ಟಲು ಅಸ್ಥಿಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು, ಆದರೆ ಕರುಳು ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಮರುಬಳಕೆಯಿಂದ ಬರಬೇಕು: ಸುಮಾರು 120 ದಿನ ಬಾಳಿ ಮುಪ್ಪಾದ ಕೆಂಪುಕಣಗಳನ್ನು ಗುಲ್ಮ ಮತ್ತು ಪಿತ್ತಜನಕಾಂಗದಲ್ಲಿರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ನುಂಗಿ, ಒಡೆದು, ಕಬ್ಬಿಣವನ್ನು ಬಿಡಿಸಿ ಮತ್ತೆ ರಕ್ತಕ್ಕೆ ಕೊಡುತ್ತವೆ. ಹೆಚ್ಚಾದ ಕಬ್ಬಿಣವನ್ನು ಬೇಕೆಂದು ಹೊರಹಾಕುವ ವ್ಯವಸ್ಥೆ ಮಾತ್ರ ನಮ್ಮ ದೇಹದಲ್ಲಿ ಇಲ್ಲ. ಚರ್ಮದ, ಕರುಳಿನ ಕೋಶಗಳು ಉದುರುವಾಗ ಅಷ್ಟಿಷ್ಟು ಹೋಗುತ್ತದೆ, ಮುಟ್ಟಿನಲ್ಲಿ ಇನ್ನಷ್ಟು ಹೋಗುತ್ತದೆ, ಅಷ್ಟೇ. ಹೀಗಾಗಿ ನಿಯಂತ್ರಣವೆಲ್ಲ ಒಳಗೆ ಬಿಟ್ಟುಕೊಳ್ಳುವ ಬಾಗಿಲಲ್ಲೇ ನಡೆಯಬೇಕು. ಕರುಳಿನ ಕೋಶದಿಂದಾಗಲಿ ಮ್ಯಾಕ್ರೋಫೇಜ್‌ನಿಂದಾಗಲಿ ಕಬ್ಬಿಣ ರಕ್ತಕ್ಕೆ ಇಳಿಯುವುದು ಫೆರೋಪೋರ್ಟಿನ್ ಎಂಬ ಒಂದೇ ಪ್ರೋಟೀನಿನ ಮೂಲಕ. ಪಿತ್ತಜನಕಾಂಗ ಸ್ರವಿಸುವ ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನು ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಾಶಕ್ಕೆ ಕಳುಹಿಸಿ ಬಾಗಿಲು ಮುಚ್ಚುತ್ತದೆ. ಇವೆರಡೂ ಬೆಳಕಿಗೆ ಬಂದದ್ದು 2000ನೇ ಇಸವಿಯ ಆಸುಪಾಸಿನಲ್ಲಿ. ಕಬ್ಬಿಣ ಮತ್ತು ಕ್ಯಾನ್ಸರ್ ಕುರಿತ ಹಳೆಯ ವಾದಗಳನ್ನು ಓದುವಾಗ ಈ ಕಾಲವನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಅವುಗಳಲ್ಲಿ ಬಹುಪಾಲು ಈ ಬಾಗಿಲಿನ ಸುದ್ದಿಯೇ ಗೊತ್ತಿಲ್ಲದ ಕಾಲದಲ್ಲಿ ಹುಟ್ಟಿದವು.

ಇನ್ನು ಪ್ರಯೋಗಾಲಯದ ವರದಿ. ಅದರಲ್ಲಿ ಸೀರಮ್ ಐರನ್ ಎಂದು ಬರೆದಿರುವುದು ಟ್ರಾನ್ಸ್‌ಫೆರಿನ್ ಎಂಬ ಸಾಗಣೆಯ ಪ್ರೋಟೀನು ಆ ಹೊತ್ತಿಗೆ ಹೊತ್ತು ತಿರುಗುತ್ತಿರುವ ಕಬ್ಬಿಣವನ್ನು. ಇಡೀ ರಕ್ತದಲ್ಲಿ ಹೀಗೆ ಸಾಗುತ್ತಿರುವುದು ಯಾವುದೇ ಕ್ಷಣದಲ್ಲಿ ಮೂರು ನಾಲ್ಕು ಮಿಲಿಗ್ರಾಂ ಮೀರದು. ಬೆಳಗಿನಿಂದ ಸಂಜೆಗೆ, ಊಟದ ಮುಂಚಿನಿಂದ ಊಟದ ನಂತರಕ್ಕೆ ಅದು ಏರಿಳಿಯುತ್ತದೆ. ಅದನ್ನೊಂದನ್ನೇ ನೋಡಿ ದೇಹದ ಕಬ್ಬಿಣವನ್ನು ಅಂದಾಜು ಮಾಡುವುದು, ದಾರಿಯಲ್ಲಿ ಹೋಗುತ್ತಿರುವ ಬಸ್ಸಿನ ಪ್ರಯಾಣಿಕರನ್ನು ಎಣಿಸಿ ಊರಿನ ಜನಸಂಖ್ಯೆ ಹೇಳಿದಂತೆ. ಟ್ರಾನ್ಸ್‌ಫೆರಿನ್‌ನ ಹೊರುವ ಜಾಗದಲ್ಲಿ ಶೇಕಡಾ ಎಷ್ಟು ತುಂಬಿದೆ ಎಂಬುದು ಇದಕ್ಕಿಂತ ಉಪಯುಕ್ತ ಅಂಕಿ. ದಾಸ್ತಾನನ್ನು ಸೂಚಿಸುವುದು ಫೆರಿಟಿನ್. ಟೊಳ್ಳು ಗೋಳದಂಥ ಈ ಪ್ರೋಟೀನು ತನ್ನೊಳಗೆ 4,500ರವರೆಗೂ ಕಬ್ಬಿಣದ ಪರಮಾಣುಗಳನ್ನು ಇಟ್ಟುಕೊಳ್ಳಬಲ್ಲದು. ಕೋಶಗಳೊಳಗಿನ ಈ ಉಗ್ರಾಣದ ಸಣ್ಣ ಅಂಶ ರಕ್ತಕ್ಕೂ ಬರುತ್ತದೆ. ತೊಡಕು ಇರುವುದು ಇಲ್ಲೇ. ದೇಹದಲ್ಲಿ ಎಲ್ಲೇ ಉರಿಯೂತವಿದ್ದರೂ, ಸೋಂಕಿದ್ದರೂ, ಪಿತ್ತಜನಕಾಂಗಕ್ಕೆ ತೊಂದರೆಯಾಗಿದ್ದರೂ, ಕ್ಯಾನ್ಸರ್ ಇದ್ದರೂ ದಾಸ್ತಾನು ಹೆಚ್ಚದೆಯೇ ಫೆರಿಟಿನ್ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಫೆರಿಟಿನ್ ಇದ್ದರೆ ಕಬ್ಬಿಣದ ಕೊರತೆ ಎನ್ನುತ್ತದೆ, ಉರಿಯೂತ ಇರುವವರಲ್ಲಿ ಅದೇ ಗಡಿಯನ್ನು 70ಕ್ಕೆ ಏರಿಸುತ್ತದೆ. ಸ್ತನ ಕ್ಯಾನ್ಸರ್ ಇರುವವರ ಗುಂಪಿನಲ್ಲಿ ಫೆರಿಟಿನ್ ಹೆಚ್ಚು ಕಂಡಿತು ಎಂಬ ವರದಿಯನ್ನು ಓದಿದ ಕೂಡಲೇ ಕಬ್ಬಿಣವೇ ಕ್ಯಾನ್ಸರ್ ತಂದಿತು ಎಂದು ಹೇಳಲಾಗದಿರುವುದು ಇದಕ್ಕೇ. ಕ್ಯಾನ್ಸರೇ ಫೆರಿಟಿನ್ ಅನ್ನು ಏರಿಸಿರಬಹುದು.

ಹಾಗಾದರೆ ಅನುಮಾನ ಹುಟ್ಟಿದ್ದಾದರೂ ಏಕೆ? ಕಬ್ಬಿಣದ ರಸಾಯನವೇ ಅನುಮಾನಕ್ಕೆ ಎಡೆಮಾಡುವಂಥದ್ದು. ಕಬ್ಬಿಣವೂ ಹೈಡ್ರೋಜನ್ ಪೆರಾಕ್ಸೈಡೂ ಕೂಡಿದರೆ ಪ್ರಬಲ ಉತ್ಕರ್ಷಣ ನಡೆಯುತ್ತದೆ ಎಂಬುದನ್ನು ಹೆನ್ರಿ ಫೆಂಟನ್ 1894ರಲ್ಲೇ ಪ್ರಕಟಿಸಿದ್ದ. ಕೋಶದೊಳಗೆ ಪೆರಾಕ್ಸೈಡ್ ಸದಾ ಹುಟ್ಟುತ್ತಿರುತ್ತದೆ. ಪ್ರೋಟೀನಿನ ಹಿಡಿತಕ್ಕೆ ಸಿಗದ ಬಿಡಿ ಕಬ್ಬಿಣ ಅದಕ್ಕೆ ತಗುಲಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಉಂಟಾಗಿ, ಅದು ಹುಟ್ಟಿದಲ್ಲೇ ಡಿಎನ್ಎಯನ್ನೋ ಕೋಶದ ಪೊರೆಯ ಕೊಬ್ಬನ್ನೋ ಕಚ್ಚುತ್ತದೆ. ಸ್ತನದ ಮಟ್ಟಿಗೆ ಇನ್ನೊಂದು ಎಳೆಯೂ ಸೇರುತ್ತದೆ. ಈಸ್ಟ್ರೋಜನ್ ದೇಹದಲ್ಲಿ ಒಡೆದಾಗ ಬರುವ ಕೆಲವು ಪದಾರ್ಥಗಳು ಫೆರಿಟಿನ್‌ನೊಳಗಿನ ಕಬ್ಬಿಣವನ್ನು ಬಿಡಿಸಬಲ್ಲವು ಎಂಬುದು ಪ್ರಯೋಗಾಲಯದಲ್ಲಿ ಕಂಡಿದೆ. ಇದೆಲ್ಲದರ ಜೊತೆಗೆ, ಡಿಎನ್ಎ ಕಟ್ಟಲು ಬೇಕಾದ ಕಚ್ಚಾವಸ್ತುವನ್ನು ತಯಾರಿಸುವ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡುವುದಿಲ್ಲ. ವೇಗವಾಗಿ ಒಡೆದು ಬೆಳೆಯುವ ಯಾವ ಕೋಶವೂ, ಕ್ಯಾನ್ಸರ್ ಕೋಶವಂತೂ ಸೈಯೇ ಸೈ, ಕಬ್ಬಿಣಕ್ಕೆ ಹಸಿದೇ ಇರುತ್ತದೆ.

ಆದರೆ ರಸಾಯನದಲ್ಲಿ ಸಾಧ್ಯವಿರುವುದು ಜನಸಮುದಾಯದಲ್ಲಿ ಕಾಣಲೇಬೇಕೆಂದೇನೂ ಇಲ್ಲ. ಈ ಚರ್ಚೆಗೆ ದೊಡ್ಡ ಚಾಲನೆ ಕೊಟ್ಟದ್ದು 1988ರಲ್ಲಿ ರಿಚರ್ಡ್ ಸ್ಟೀವನ್ಸ್ ಮತ್ತು ಸಂಗಡಿಗರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯಿಂದ ಪ್ರಕಟಿಸಿದ ಅಧ್ಯಯನ. ಟ್ರಾನ್ಸ್‌ಫೆರಿನ್ ಹೆಚ್ಚು ತುಂಬಿದ್ದ ಗಂಡಸರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. 2008ರಲ್ಲಿ ಇನ್ನೂ ಬೆರಗಿನ ಫಲಿತಾಂಶ ಬಂತು. ಕಾಲಿನ ರಕ್ತನಾಳದ ಕಾಯಿಲೆಯಿದ್ದ 1,277 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ಆಗಾಗ ರಕ್ತ ತೆಗೆದು ಕಬ್ಬಿಣದ ದಾಸ್ತಾನು ಇಳಿಸಲಾಗಿತ್ತು. ರಕ್ತ ತೆಗೆದವರಲ್ಲಿ 38 ಮಂದಿಗೆ, ತೆಗೆಯದವರಲ್ಲಿ 60 ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂತು. ಕಬ್ಬಿಣ ಇಳಿಸಿದರೆ ಕ್ಯಾನ್ಸರ್ ತಪ್ಪುತ್ತದೆ ಎನ್ನುವವರು ಇಂದಿಗೂ ಮೊದಲು ಎತ್ತಿ ತೋರಿಸುವುದು ಇದನ್ನೇ. ಅವರು ಹೇಳಲು ಮರೆಯುವುದು, ಭಾಗವಹಿಸಿದವರು ಹೆಚ್ಚುಕಡಿಮೆ ಎಲ್ಲರೂ ವಯಸ್ಸಾದ ಮಾಜಿ ಸೈನಿಕರು, ಅಂದರೆ ಗಂಡಸರು ಎಂಬುದನ್ನು. ಸ್ತನ ಕ್ಯಾನ್ಸರಿನ ಬಗ್ಗೆ ಈ ಪ್ರಯೋಗದಿಂದ ಏನನ್ನೂ ಹೇಳಲು ಬರುವುದಿಲ್ಲ.

ಹೆಂಗಸರನ್ನೇ ಇಟ್ಟುಕೊಂಡು ಸ್ತನ ಕ್ಯಾನ್ಸರಿನ ಮೇಲೆಯೇ ಮಾಡಿದ ಅಧ್ಯಯನಗಳಿಗೆ ಬಂದರೆ ಚಿತ್ರ ಮಸುಕಾಗುತ್ತದೆ. 2019ರಲ್ಲಿ ಕೆನಡಾದ ಸಂಶೋಧಕರು 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಊಟದ ಒಟ್ಟು ಕಬ್ಬಿಣಕ್ಕಾಗಲಿ ಮಾತ್ರೆಯ ಕಬ್ಬಿಣಕ್ಕಾಗಲಿ ಸಂಬಂಧ ಕಾಣಲಿಲ್ಲ. ಮಾಂಸದಲ್ಲಿರುವ ಹೀಮ್ ಕಬ್ಬಿಣವನ್ನು ಅತಿ ಹೆಚ್ಚು ಸೇವಿಸುವವರಲ್ಲಿ ಅಪಾಯ ಶೇಕಡಾ 12ರಷ್ಟು, ಸೀರಮ್ ಐರನ್ ಅತಿ ಹೆಚ್ಚಿದ್ದವರಲ್ಲಿ ಶೇಕಡಾ 22ರಷ್ಟು ಹೆಚ್ಚು ಕಂಡಿತು. ಫೆರಿಟಿನ್‌ಗೆ ಖಚಿತ ಸಂಬಂಧ ಸಿಗಲಿಲ್ಲ. ಈ ಶೇಕಡಾವಾರುಗಳು ಸಾಪೇಕ್ಷವಾದವು: ನೂರರಲ್ಲಿ ಹತ್ತು ಮಂದಿಗೆ ಬರುವ ಕಾಯಿಲೆ ಶೇಕಡಾ 12ರಷ್ಟು ಹೆಚ್ಚಿದರೆ ಹನ್ನೊಂದು ಚಿಲ್ಲರೆ ಮಂದಿಗೆ ಬಂದಂತಾಗುತ್ತದೆ, ಇಪ್ಪತ್ತೆರಡು ಮಂದಿಗೆ ಅಲ್ಲ. ಹೀಮ್ ಕಬ್ಬಿಣವನ್ನು ಮಾಂಸದಿಂದ, ಮಾಂಸವನ್ನು ಬೇಯಿಸುವ ರೀತಿಯಿಂದ, ತಿನ್ನುವವರ ತೂಕದಿಂದ, ಮದ್ಯಪಾನದಿಂದ ಬಿಡಿಸಿ ಅಳೆಯುವುದೂ ಸುಲಭವಲ್ಲ. ಕೆಂಪು ಮಾಂಸ ಕ್ಯಾನ್ಸರ್ ತರಬಹುದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿದ್ದನ್ನು ಇಲ್ಲಿಗೆ ಎಳೆದು ತರುವವರಿದ್ದಾರೆ; ಆ ತೀರ್ಮಾನಕ್ಕೆ ಮುಖ್ಯ ಆಧಾರ ದೊಡ್ಡ ಕರುಳಿನ ಕ್ಯಾನ್ಸರ್, ಸ್ತನದ್ದಲ್ಲ.

ನಿಸರ್ಗವೇ ಮಾಡಿದ ಒಂದು ಪ್ರಯೋಗವೂ ಇದೆ. ಎಚ್ಎಫ್ಇ ಎಂಬ ವಂಶವಾಹಿಯ ಒಂದು ಮಾರ್ಪಾಡು ತಂದೆ ತಾಯಿ ಇಬ್ಬರಿಂದಲೂ ಬಂದವರಲ್ಲಿ ಹೆಪ್ಸಿಡಿನ್ ಸಾಕಷ್ಟು ಉತ್ಪತ್ತಿಯಾಗದೆ, ಕರುಳು ಹುಟ್ಟಿನಿಂದಲೇ ಹೆಚ್ಚು ಕಬ್ಬಿಣ ಹೀರುತ್ತ ಹೋಗುತ್ತದೆ. ಈ ವಂಶವಾಹಿ ಪತ್ತೆಯಾದದ್ದು 1996ರಲ್ಲಿ. ಹೀಗೆ ದಶಕಗಟ್ಟಲೆ ಕಬ್ಬಿಣ ತುಂಬಿಕೊಂಡವರಲ್ಲಿ, ಅದರಲ್ಲೂ ಗಂಡಸರಲ್ಲಿ, ಪಿತ್ತಜನಕಾಂಗದ ಕ್ಯಾನ್ಸರ್ ಹೆಚ್ಚುವುದು ಚೆನ್ನಾಗಿ ದೃಢಪಟ್ಟಿದೆ. ಸ್ತನ ಕ್ಯಾನ್ಸರಿನ ಮಟ್ಟಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಹೆಂಗಸರಲ್ಲಿ ಅಪಾಯ ಹೆಚ್ಚೆಂದು ಕಂಡುಕೊಂಡಿತು. ಆದರೂ ಹೀಗೆ ಕಬ್ಬಿಣ ತುಂಬಿಕೊಳ್ಳುವ ಕಾಯಿಲೆ ಇರುವವರಲ್ಲಿ ವೈದ್ಯರು ನಿಗಾ ಇಡುವುದು ಪಿತ್ತಜನಕಾಂಗದ ಮೇಲೆ. ಕಬ್ಬಿಣ ರಾಶಿ ಬೀಳುವ ಅಂಗ ಅದೇ. ಎಲ್ಲಿ ಸಂಗ್ರಹವೋ ಅಲ್ಲಿ ಹಾನಿ ಎಂಬ ಈ ಸುಳಿವನ್ನು ನಾನು ಅಪಾಯದ ಶೇಕಡಾವಾರುಗಳಿಗಿಂತ ಮುಖ್ಯವೆಂದು ಎಣಿಸುತ್ತೇನೆ.

ಏಕೆಂದರೆ ಸ್ತನದ ಗಡ್ಡೆಯನ್ನೇ ತೆರೆದು ನೋಡಿದವರಿಗೆ ಸಿಕ್ಕಿದ್ದೂ ಇದೇ ಸುಳಿವು. 2010ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಆರೋಗ್ಯವಂತ ಸ್ತನಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಹೋಲಿಸಿ, ಕ್ಯಾನ್ಸರ್ ಕೋಶಗಳಲ್ಲಿ ಫೆರೋಪೋರ್ಟಿನ್ ಗಣನೀಯವಾಗಿ ಕಡಿಮೆಯಿರುವುದನ್ನು ತೋರಿಸಿತು. ಅಂದರೆ ಕೋಶ ತನ್ನ ಕಬ್ಬಿಣವನ್ನು ಹೊರಗೆ ಬಿಡುವ ಬಾಗಿಲನ್ನೇ ಮುಚ್ಚಿಕೊಂಡಿದೆ. ನೂರಾರು ರೋಗಿಗಳ ಗಡ್ಡೆಗಳಲ್ಲಿನ ವಂಶವಾಹಿ ಚಟುವಟಿಕೆಯನ್ನು ಅವರ ಮುಂದಿನ ಬದುಕಿನೊಂದಿಗೆ ತಾಳೆ ನೋಡಿದಾಗ, ಫೆರೋಪೋರ್ಟಿನ್ ಹೆಚ್ಚು, ಹೆಪ್ಸಿಡಿನ್ ಕಡಿಮೆ ಇದ್ದವರಲ್ಲಿ ಹತ್ತು ವರ್ಷ ಬದುಕುಳಿದವರು ಶೇಕಡಾ 90ಕ್ಕೂ ಮೇಲಿದ್ದರು. ಇಲ್ಲಿ ಗಮನಿಸಬೇಕಾದದ್ದು, ಹೇಳುತ್ತಿರುವ ಹೆಪ್ಸಿಡಿನ್ ಪಿತ್ತಜನಕಾಂಗದ್ದಲ್ಲ, ಗಡ್ಡೆಯದ್ದೇ. ಸ್ತನದ ಕ್ಯಾನ್ಸರ್ ಕೋಶಗಳು ತಾವೇ ಹೆಪ್ಸಿಡಿನ್ ತಯಾರಿಸಿಕೊಂಡು ತಮ್ಮ ಬಾಗಿಲನ್ನು ತಾವೇ ಮುಚ್ಚಿಕೊಳ್ಳಬಲ್ಲವು. ಇನ್ನೊಂದು ಕಡೆ, ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್ ಅನ್ನು ಒಳಗೆಳೆದುಕೊಳ್ಳುವ ಗ್ರಾಹಕಗಳು ಈ ಕೋಶಗಳ ಮೇಲೆ ಹೆಚ್ಚಾಗಿರುತ್ತವೆ. ಗಡ್ಡೆಯ ನಡುವೆ ಸೇರಿಕೊಂಡ ಮ್ಯಾಕ್ರೋಫೇಜ್‌ಗಳೂ ಪಕ್ಕದ ಕ್ಯಾನ್ಸರ್ ಕೋಶಗಳಿಗೆ ಕಬ್ಬಿಣ ಒದಗಿಸಬಲ್ಲವು. ಒಳಹರಿವು ಹೆಚ್ಚು, ಹೊರಹರಿವು ಕಡಿಮೆ. ಇಂಥ ಕೋಶ, ರಕ್ತದಲ್ಲಿ ಕಬ್ಬಿಣ ಅಷ್ಟಕ್ಕಷ್ಟೇ ಇದ್ದರೂ ತನ್ನ ಪಾಲನ್ನು ಕಸಿದುಕೊಳ್ಳುತ್ತದೆ. ರಕ್ತ ತೆಗೆದು ಅಳೆದ ಅಂಕಿಗೂ ಗಡ್ಡೆಯೊಳಗಿನ ಸ್ಥಿತಿಗೂ ತಾಳೆಯಾಗದಿರುವುದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಹಾಗೆಂದು ಕಬ್ಬಿಣ ಕಡಿಮೆಯಿದ್ದರೆ ಕ್ಷೇಮ ಎನ್ನಲೂ ಆಗುವುದಿಲ್ಲ. ಕೋಶಕ್ಕೆ ಆಮ್ಲಜನಕ ಸಾಲದಿರುವುದನ್ನು ಗುರುತಿಸಿ ಹೊಸ ರಕ್ತನಾಳಗಳಿಗೆ ಕರೆಕೊಡುವ ಒಂದು ಪ್ರೋಟೀನಿದೆ. ಅದನ್ನು ಪತ್ತೆಹಚ್ಚಿ ಬಿಡಿಸಿದ್ದಕ್ಕೇ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂದದ್ದು. ಆ ಪ್ರೋಟೀನನ್ನು ಸಾಮಾನ್ಯ ಸ್ಥಿತಿಯಲ್ಲಿ ಅಡಗಿಸಿಡುವ ಕಿಣ್ವಗಳಿಗೆ ಆಮ್ಲಜನಕದ ಜೊತೆ ಕಬ್ಬಿಣವೂ ಬೇಕು. ಕಬ್ಬಿಣ ತೀರ ಕಡಿಮೆಯಾದರೆ ಕಿಣ್ವ ಕೆಲಸ ನಿಲ್ಲಿಸಿ, ರಕ್ತನಾಳಗಳನ್ನು ಬೆಳೆಸುವ ಸಂಕೇತ ಹೊರಡುತ್ತದೆ. ಮುಟ್ಟು ನಿಲ್ಲುವ ಮೊದಲು ಬರುವ ಸ್ತನ ಕ್ಯಾನ್ಸರಿನಲ್ಲಿ ಕಬ್ಬಿಣದ ಕೊರತೆಯೂ, ನಿಂತ ನಂತರದ್ದರಲ್ಲಿ ಕಬ್ಬಿಣದ ಹೆಚ್ಚಳವೂ ಪಾತ್ರ ವಹಿಸಬಹುದೆಂಬ ಊಹೆ ಇದೇ ಜಾಡಿನದು. ಮುಟ್ಟು ನಿಂತ ಕೆಲವೇ ವರ್ಷಗಳಲ್ಲಿ ಫೆರಿಟಿನ್ ಎರಡು ಮೂರು ಪಟ್ಟಾಗುವುದು ನಿಜ. ಆದರೆ ಅದೇ ವಯಸ್ಸಿನಲ್ಲಿ ತೂಕವೂ ಹೆಚ್ಚುತ್ತದೆ, ಹಾರ್ಮೋನುಗಳೂ ಬದಲಾಗುತ್ತವೆ, ಸ್ತನ ಕ್ಯಾನ್ಸರಿನ ಸಂಭವವೂ ಏರುತ್ತದೆ. ಇವುಗಳಲ್ಲಿ ಒಂದನ್ನು ಹಿಡಿದು ಕಾರಣವೆಂದು ಹೆಸರಿಸಲು ನನಗೆ ಧೈರ್ಯವಿಲ್ಲ.

ಕಾಯಿಲೆ ಬಂದ ಮೇಲಿನ ಮಾತು ಬೇರೆ. ಅಲ್ಲಿ ಈ ಅಂಕಿಗಳಿಂದ ದಿನನಿತ್ಯದ ತೀರ್ಮಾನಗಳು ಹುಟ್ಟುತ್ತವೆ. ಕೀಮೋಥೆರಪಿಯ ನಡುವೆ ಚಿಕ್ಕಮ್ಮನ ಒಂದು ವರದಿಯಲ್ಲಿ ಹಿಮೋಗ್ಲೋಬಿನ್ 9.6, ಫೆರಿಟಿನ್ 380, ಟ್ರಾನ್ಸ್‌ಫೆರಿನ್ ತುಂಬಿರುವುದು ಶೇಕಡಾ 12 ಎಂದಿತ್ತು. ಫೆರಿಟಿನ್ ಮುಂದೆ ಮೇಲ್ಮುಖದ ಬಾಣದ ಗುರುತು, ಹಿಮೋಗ್ಲೋಬಿನ್ ಮುಂದೆ ಕೆಳಮುಖದ್ದು. “ಕಬ್ಬಿಣ ಇಷ್ಟೊಂದಿದೆ ಅಂತ ಬರೆದಿದ್ದಾರಲ್ಲ, ಮತ್ತೆ ರಕ್ತ ಯಾಕಮ್ಮ ಕಡಿಮೆ?” ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ಇರುವುದು ಮೂರನೆಯ ಅಂಕಿಯಲ್ಲಿ. ಉರಿಯೂತದ ಸಂಕೇತವಾದ ಇಂಟರ್‌ಲ್ಯೂಕಿನ್-6 ಹೆಪ್ಸಿಡಿನ್ ಅನ್ನು ಏರಿಸುತ್ತದೆ, ಹೆಪ್ಸಿಡಿನ್ ಮ್ಯಾಕ್ರೋಫೇಜ್‌ಗಳ ಬಾಗಿಲು ಮುಚ್ಚುತ್ತದೆ, ಕಬ್ಬಿಣ ಉಗ್ರಾಣದಲ್ಲಿ ಇದ್ದೂ ಅಸ್ಥಿಮಜ್ಜೆಗೆ ತಲುಪುವುದಿಲ್ಲ. ಯುರೋಪಿನ ಕ್ಯಾನ್ಸರ್ ವೈದ್ಯರ ಸಂಘದ 2018ರ ಮಾರ್ಗಸೂಚಿ ಕ್ಯಾನ್ಸರ್ ರೋಗಿಗಳಲ್ಲಿ ಫೆರಿಟಿನ್ 100ಕ್ಕಿಂತ ಕಡಿಮೆಯಿದ್ದರೆ ನಿಜವಾದ ಕೊರತೆ ಎಂದೂ, 100ಕ್ಕಿಂತ ಹೆಚ್ಚಿದ್ದು ಟ್ರಾನ್ಸ್‌ಫೆರಿನ್ ಶೇಕಡಾ 20ಕ್ಕಿಂತ ಕಡಿಮೆ ತುಂಬಿದ್ದರೆ ಇದ್ದೂ ಸಿಗದ ಬಗೆಯ ಕೊರತೆ ಎಂದೂ ವಿಂಗಡಿಸುತ್ತದೆ. ಎರಡನೆಯದರಲ್ಲಿ ಕರುಳಿನ ಬಾಗಿಲೂ ಮುಚ್ಚಿರುವುದರಿಂದ ಮಾತ್ರೆ ನುಂಗಿ ಹೆಚ್ಚು ಪ್ರಯೋಜನವಾಗುವುದಿಲ್ಲ. ಬೇಕೆನಿಸಿದರೆ ವೈದ್ಯರು ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡುತ್ತಾರೆ.

ಮಾತ್ರೆಯ ಬಗ್ಗೆ ಇನ್ನೊಂದು ಎಚ್ಚರಿಕೆ 2020ರಲ್ಲಿ ಬಂತು. ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಡಾಕ್ಸೊರುಬಿಸಿನ್, ಸೈಕ್ಲೋಫಾಸ್ಫಮೈಡ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳನ್ನು ಪಡೆಯುತ್ತಿದ್ದ 1,134 ರೋಗಿಗಳನ್ನು ಅವರು ಬಳಸುವ ಪೂರಕ ಮಾತ್ರೆಗಳ ಬಗ್ಗೆ ಕೇಳಿ, ವರ್ಷಗಟ್ಟಲೆ ಹಿಂಬಾಲಿಸಿದಾಗ, ಕೀಮೋ ನಡೆಯುವಾಗ ಕಬ್ಬಿಣದ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಸುಮಾರು 1.8 ಪಟ್ಟು ಕಂಡಿತು. ಇದು ಗಮನಿಸಿ ಬರೆದಿಟ್ಟ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಕಬ್ಬಿಣ ತೆಗೆದುಕೊಂಡವರು ಹೆಚ್ಚು ನಿತ್ರಾಣರಾಗಿದ್ದವರೇ ಇರಬಹುದು. ಅದನ್ನು ಒಪ್ಪಿಯೂ, ಔಷಧದಂಗಡಿಯಲ್ಲಿ ಯಾರನ್ನೂ ಕೇಳದೆ ಕೊಳ್ಳಬಹುದಾದ ಮಾತ್ರೆಯೊಂದನ್ನು ಕೀಮೋ ನಡುವೆ ತಾವೇ ಶುರುಮಾಡಬಾರದು ಎನ್ನಲು ಇಷ್ಟು ಸಾಕೆಂದು ನನ್ನ ಅನಿಸಿಕೆ. ವೈದ್ಯರು ಬರೆದುಕೊಟ್ಟದ್ದನ್ನು ಹೆದರಿ ನಿಲ್ಲಿಸುವುದಕ್ಕೆ ಮಾತ್ರ ಈ ಅಧ್ಯಯನ ನೆಪವಾಗಬಾರದು.

ಹಿಮೋಗ್ಲೋಬಿನ್ ಏರಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. ಹರಡಿದ ಸ್ತನ ಕ್ಯಾನ್ಸರ್ ಇದ್ದ 939 ಮಂದಿಯ ಮೇಲೆ ನಡೆದ ಪ್ರಯೋಗವೊಂದರಲ್ಲಿ ರಕ್ತ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದು ಕೊಟ್ಟು ಹಿಮೋಗ್ಲೋಬಿನ್ ಅನ್ನು 12ರಿಂದ 14ರಲ್ಲಿ ಇಡಲು ನೋಡಿದರು. ವರ್ಷದ ಕೊನೆಗೆ ಚುಚ್ಚುಮದ್ದು ಪಡೆದವರಲ್ಲಿ ಬದುಕಿದ್ದವರು ಶೇಕಡಾ 70, ಪಡೆಯದವರಲ್ಲಿ 76. ಇಂಥ ಫಲಿತಾಂಶಗಳ ನಂತರ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚುಚ್ಚುಮದ್ದುಗಳಿಗೆ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಹಾಕಿಸಿತು. ಈಗ ಗುರಿ ಇಡುವುದು ಆಯಾಸ ಕಡಿಮೆಯಾಗಿ ರಕ್ತ ಕೊಡಿಸುವ ಪ್ರಸಂಗ ತಪ್ಪಿದರೆ ಸಾಕು ಎಂಬಷ್ಟಕ್ಕೆ. ವರದಿಯ ಬಾಣದ ಗುರುತು ಅಳಿಸುವುದಕ್ಕಲ್ಲ.

ಕಬ್ಬಿಣವೂ ಸ್ತನ ಕ್ಯಾನ್ಸರೂ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಮುಖಾಮುಖಿಯಾಗುವ ಇನ್ನೊಂದು ಜಾಗ ಹೃದಯ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಮಾಡುವ ಹಾನಿಯಲ್ಲಿ ಆ ಸ್ನಾಯುವಿನ ಕಬ್ಬಿಣಕ್ಕೂ ಪಾಲಿದೆ. ಕಬ್ಬಿಣವನ್ನು ಹಿಡಿದುಕೊಳ್ಳುವ ಡೆಕ್ಸ್‌ರಾಜೋಕ್ಸೇನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಈಗಾಗಲೇ ಸಾಕಷ್ಟು ಡಾಕ್ಸೊರುಬಿಸಿನ್ ಪಡೆದೂ ಅದನ್ನೇ ಮುಂದುವರಿಸಬೇಕಾದ, ಹರಡಿದ ಸ್ತನ ಕ್ಯಾನ್ಸರಿನ ಹೆಂಗಸರ ಹೃದಯ ಕಾಯಲು. ಕ್ಯಾನ್ಸರ್ ಕೋಶದ ಕಬ್ಬಿಣದ ದುರಾಸೆಯನ್ನೇ ಅದರ ಮೇಲೆ ತಿರುಗಿಸುವ ಪ್ರಯತ್ನವೂ ನಡೆದಿದೆ: ಕಬ್ಬಿಣದಿಂದ ಪೊರೆಯ ಕೊಬ್ಬು ಉರಿದು ಕೋಶ ಸಾಯುವ ಬಗೆಗೆ 2012ರಲ್ಲಿ ಫೆರಾಪ್ಟೋಸಿಸ್ ಎಂದು ಹೆಸರಿಡಲಾಯಿತು. ಹಾರ್ಮೋನು ಚಿಕಿತ್ಸೆಗೂ ಹೆರ್2 ಎಂಬ ಪ್ರೋಟೀನನ್ನು ಗುರಿಮಾಡುವ ಚಿಕಿತ್ಸೆಗೂ ಬಗ್ಗದ ಟ್ರಿಪಲ್ ನೆಗೆಟಿವ್ ಗಡ್ಡೆಯ ಹಲವು ಕೋಶಗಳು ಪ್ರಯೋಗಾಲಯದಲ್ಲಿ ಈ ಸಾವಿಗೆ ಸುಲಭವಾಗಿ ತುತ್ತಾಗುತ್ತವೆ.

ಆರೋಗ್ಯವಂತರ ಮಟ್ಟಿಗೆ ಹೇಳಬಹುದಾದದ್ದು ಕಡಿಮೆ. ಫೆರಿಟಿನ್ ಪರೀಕ್ಷೆ ಸ್ತನ ಕ್ಯಾನ್ಸರನ್ನು ಪತ್ತೆಹಚ್ಚುವುದಿಲ್ಲ. ಆ ಕೆಲಸಕ್ಕೆ ಮ್ಯಾಮೋಗ್ರಾಮ್ ಇದೆ, ಗಂಟು ಕೈಗೆ ಸಿಕ್ಕರೆ ವೈದ್ಯರ ಕೈಯೂ ಬಯಾಪ್ಸಿಯೂ ಇವೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಕೊರತೆ ದೃಢವಾಗಿದ್ದರೆ ಸ್ತನ ಕ್ಯಾನ್ಸರಿನ ಭಯದಿಂದ ಕಬ್ಬಿಣದ ಮಾತ್ರೆ ಬಿಡಲು ಮೇಲಿನ ಯಾವ ಅಧ್ಯಯನದಲ್ಲೂ ಕಾರಣ ಸಿಗುವುದಿಲ್ಲ. ಮುಟ್ಟು ನಿಂತವರಲ್ಲಿ ಹೊಸದಾಗಿ ಕಬ್ಬಿಣದ ಕೊರತೆ ಕಂಡರೆ ಮಾತ್ರ ಮಾತ್ರೆ ನುಂಗಿ ಸುಮ್ಮನಾಗಬಾರದು: ರಕ್ತ ಎಲ್ಲೋ ಸೋರುತ್ತಿದೆ ಎಂದೇ ಅದರ ಅರ್ಥವಿರಬಹುದು. ಆಗ ವೈದ್ಯರು ಹುಡುಕುವುದು ಸ್ತನದಲ್ಲಲ್ಲ, ಜಠರದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ.